ಬರುವ ಮುಂಚೆ ಹೇಳಿದ ‘ಬಂದೆ’

ಗುರುವಾರ, ಮಧ್ಯಾಹ್ನ ಒಂದೂವರೆ
ಆಫೀಸಿನ ಊಟದ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲ ಮಾಡುವ ನಮಸ್ಕಾರ. ‘ನಾನಿಲ್ಲಿ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಮೊದಲ ಸಾಲು ಬರೆದು ಆ ಹಾಳೆಯನ್ನೇ ಹರಿದು ಹಾಕಿದೆ. ನೀವು ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು. ನಾನೂ ಇಲ್ಲ, ಆದರೆ ನನ್ನ ಸುದ್ದಿ ಆಮೇಲೆ.

ಎರಡು ಬಸ್ಸು ಬದಲಿಸಿದರೆ ಸಿಗುವ ಅಕ್ಕನಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯ. ಫೋನಿನಲ್ಲಿ ಹತ್ತು ಸಲ ಬರೆದೆ, ಹತ್ತು ಸಲವೂ ಅಳಿಸಿದೆ. ಅಳಿಸಲು ಬಾರದ ಜಾಗದಲ್ಲಿ ಬರೆಯೋಣವೆಂದು ಕೊನೆಗೆ ಪೆನ್ನು ಹಿಡಿದಿದ್ದೇನೆ. ಎದುರಿಗೆ ಬಂದು ಹೇಳಬಹುದಿತ್ತಲ್ಲ ಎನ್ನುತ್ತೀಯ. ಬಂದಿದ್ದೆ. ಮಂಗಳವಾರ ಸಂಜೆ ನಿಮ್ಮ ಬಾಗಿಲ ಚಿಲಕಕ್ಕೆ ಕಿತ್ತಳೆ ಹಣ್ಣಿನ ಚೀಲ ತಗುಲಿಸಿ ಹೋದವಳು ನಾನೇ. ಪಕ್ಕದ ಮನೆಯವರು ಎಂದುಕೊಂಡು ಅವರಿಗೆ ಥ್ಯಾಂಕ್ಸ್ ಹೇಳಿರುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಒಳಗೆ ನೀನು ಭಾವನಿಗೆ ಮಗ್ಗುಲು ಬದಲಿಸಲು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಕರೆಗಂಟೆಯ ಮೇಲಿಟ್ಟ ಬೆರಳನ್ನು ಒತ್ತಲಾಗದೆ ಮೆಟ್ಟಿಲಿಳಿದು ಹೋದೆ.

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆಯ ಅಧಿಕಾರಿ ನಿಮ್ಮ ಮನೆಗೆ ಬಂದು ಭಾವನ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಏನಿದೆ ಎಂದು ನೀನೇ ಫೋನಿನಲ್ಲಿ ಓದಿ ಹೇಳಿದ್ದೆ. ಗಾಳಿಯ ಎಚ್ಚರಿಕೆ ಅವರ ಫೋನಿಗೆ ಬಂದಿತ್ತಂತೆ. ಕನ್ನಡಕ ಹಾಕಿಕೊಳ್ಳದ ಕಾರಣ ಅವರು ತಪ್ಪಾಗಿ ಓದಿದರಂತೆ. ಜೊತೆಗೆ ಕೆಲಸ ಮಾಡುತ್ತಿದ್ದ ಉದ್ದಣ್ಣ ಮೇಲಿನಿಂದ ಬಿದ್ದು ಸತ್ತದ್ದಕ್ಕೆ ಅವರ ಅಜಾಗರೂಕತೆಯೇ ಕಾರಣವಂತೆ. ಅಕ್ಕಾ, ಆ ಕಾಗದಕ್ಕೆ ಸಹಿ ಹಾಕಲು ಬಿಡಬೇಡ. ಭಾವ ತಪ್ಪು ಓದಿಲ್ಲ. ಪರದೆಯ ಮೇಲೆ ಏನಿತ್ತೋ ಅದನ್ನೇ ಓದಿದರು. ಪರದೆ ಸುಳ್ಳು ಹೇಳಿತು. ಅದಕ್ಕೆ ಆ ಸುಳ್ಳು ಕಲಿಸಿಕೊಟ್ಟವಳು ನಾನು.

ಈಗ ನೀನು ಕಾಗದ ಕೆಳಗಿಟ್ಟು ನೀರು ಕುಡಿದು ಬಾ. ಉಳಿದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ನಿಮ್ಮ ಮದುವೆಯಾದ ಹೊಸದರಲ್ಲಿ ನಾನು ನಿನ್ನ ಸೆರಗು ಹಿಡಿದುಕೊಂಡೇ ನಿಮ್ಮ ಮನೆಗೆ ಬಂದವಳು. ಹೆಂಡತಿಯನ್ನು ಕರೆತಂದರೆ ಜೊತೆಗೊಂದು ಬಾಲವೂ ಬಂತು ಎಂದು ಭಾವ ನಕ್ಕರು. ಅಂದಿನಿಂದ ಅದೇ ನನ್ನ ಹೆಸರಾಯಿತು. ಅವರು ಮನೆ ಬಿಡುವಾಗ ಹೇಳುತ್ತಿದ್ದ ಮಾತು ನಿನಗೆ ಇಂದಿಗೂ ಕಿವಿಯಲ್ಲಿ ಇರಬೇಕು. ಕೆಲಸಕ್ಕೇ ಹೋಗಲಿ, ಅಂಗಡಿಗೇ ಹೋಗಲಿ, ಚಪ್ಪಲಿಗೆ ಕಾಲು ತೂರಿಸುತ್ತ ‘ಈಗ ಬಂದೆ’ ಎನ್ನುವರು. ಇನ್ನೂ ಹೋಗೇ ಇಲ್ಲ, ಆಗಲೇ ಬಂದೆ ಅಂತೀರಲ್ಲ ಎಂದು ನಾನು ಛೇಡಿಸುತ್ತಿದ್ದೆ. ನೀನು ಒಲೆಯ ಮುಂದಿನಿಂದಲೇ, ಅವರ ‘ಬಂದೆ’ ನಂಬಿಕೊಂಡು ಅನ್ನ ಬಡಿಸಿದರೆ ಅದು ತಣ್ಣಗಾಗಿ ಕಲ್ಲಾಗುತ್ತೆ ಎನ್ನುತ್ತಿದ್ದೆ. ನಾವೆಲ್ಲ ಆಡುವ ಮಾತೇ ಅದು. ಯಾರಾದರೂ ಕೂಗಿದರೆ ಕೂತಲ್ಲಿಂದ ಏಳದೆಯೇ ‘ಬಂದೆ, ಬಂದೆ’ ಅನ್ನುತ್ತೇವೆ. ಅದರಿಂದ ಯಾರಿಗೂ ತೊಂದರೆಯಾಗಿದ್ದಿಲ್ಲ.

ಭಾವ ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವ ಗುಂಪಿನ ಮೇಸ್ತ್ರಿಯಾದ ಮೇಲೆ ಗಾಳಿಯ ಲೆಕ್ಕವೆಲ್ಲ ಅವರದೇ ಆಯಿತು. ಎರಡು ಹಗ್ಗಕ್ಕೆ ತೂಗುಬಿಟ್ಟ ಆ ಉದ್ದನೆಯ ಹಲಗೆಯನ್ನು ಅವರು ತೊಟ್ಟಿಲು ಎನ್ನುತ್ತಿದ್ದರು. ಐವತ್ತು ತುಂಬಿದರೂ ತೊಟ್ಟಿಲು ಬಿಟ್ಟಿಲ್ಲ ನೋಡು ಎಂದು ನನಗೆ ಹೇಳಿ ತಾವೇ ಮೊದಲು ನಗುತ್ತಿದ್ದರು. ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಜೋರು ಗಾಳಿ ಇದ್ದರೆ ತೊಟ್ಟಿಲು ಇಳಿಸಬಾರದು, ಇದು ಅವರ ನಿಯಮ. ಗುತ್ತಿಗೆದಾರ ಎಷ್ಟು ಕೂಗಾಡಿದರೂ ಅವರು ಅದನ್ನು ಮುರಿದದ್ದಿಲ್ಲ. ಆಗ ಅವರ ಬಳಿ ಇದ್ದದ್ದು ಒಂದು ಚಿಂದಿ ಬಟ್ಟೆ. ಅದನ್ನು ಮಹಡಿಯ ಕಂಬಿಗೆ ಕಟ್ಟಿ, ಒಂದು ಲೋಟ ಚಹಾ ಮುಗಿಯುವವರೆಗೆ ಅದು ಹೇಗೆ ಆಡುತ್ತದೆ ಎಂದು ನೋಡಿ, ಆಮೇಲೆ ಹೂಂ ಎನ್ನುತ್ತಿದ್ದರು.

ಆ ಚಿಂದಿಯನ್ನು ಬಿಡಿಸಿದವಳು ನಾನೇ. ನನಗೆ ಈ ಹವಾಮಾನದ ಆಪ್ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕ ವರ್ಷ, ನಿಮ್ಮ ಮನೆಯಲ್ಲಿ ಕೂತು ಭಾವನ ಫೋನಿಗೆ ಅದನ್ನು ಹಾಕಿಕೊಟ್ಟೆ. ನಾದಿನಿ ಹವಾಮಾನ ಹೇಳುವವಳು, ಭಾವ ಚಿಂದಿ ನೋಡುವವರು, ಯಾರಾದರೂ ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಹಂಗಿಸಿದೆ. ಅವರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಾಳಿಯ ಅಂಕಿ ಹೆಬ್ಬೆರಳಿನಷ್ಟು ದಪ್ಪವಾಗಿ ಕಾಣುವಂತೆ ನಾನೇ ಹೊಂದಿಸಿಕೊಟ್ಟಿದ್ದೆ. ಕನ್ನಡಕ ಬೇಕಾಗಿಲ್ಲ ಎಂದು ಅವರು ಖುಷಿಪಟ್ಟರು. ಈ ಮಾತು ನೆನಪಿಟ್ಟುಕೋ.

ಆ ಆಪ್ ಕೆಲಸ ಮಾಡುವುದು ಹೀಗೆ. ಅದನ್ನು ತೆರೆದ ಕೂಡಲೇ ನಮ್ಮ ಕಂಪನಿಯ ಕಂಪ್ಯೂಟರಿಗೆ ಹೊಸ ಸುದ್ದಿ ಏನು ಎಂದು ಕೇಳುತ್ತದೆ. ಉತ್ತರ ಬಂದ ಮೇಲೆ ಹಳೆಯ ಅಂಕಿಗಳನ್ನು ಅಳಿಸಿ ಹೊಸದನ್ನು ಹಾಕಿ, ಕೆಳಗೆ ‘ಈಗಷ್ಟೇ ಬಂದದ್ದು’ ಎಂದು ತೋರಿಸುತ್ತದೆ. ಸಿಗ್ನಲ್ ಇಲ್ಲದೆ ಉತ್ತರ ಬಾರದಿದ್ದರೆ ‘ನಿನ್ನೆ ರಾತ್ರಿ ಬಂದದ್ದು’ ಎಂದೋ ‘ಆರು ಗಂಟೆ ಹಿಂದೆ ಬಂದದ್ದು’ ಎಂದೋ ಇದ್ದದ್ದು ಹಾಗೇ ಇರುತ್ತದೆ. ಇದು ಸರಿಯಾದ ರೀತಿ. ಮೊದಲು ಹೀಗೇ ಇತ್ತು.

ಕಳೆದ ವರ್ಷ ಜನರಿಂದ ದೂರುಗಳು ಬಂದವು. ಆಪ್ ತೆರೆದರೆ ಹಳೆಯ ಸಮಯವೇ ನಿಂತಿರುತ್ತದೆ, ನಿಮ್ಮ ಆಪ್ ಸತ್ತಿದೆಯೇ ಎಂದು ಕೇಳಿದರು. ನಮ್ಮ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ‘ಆಯ್ತಾ ಸಾರ್’. ಕೆಲಸ ಕೊಟ್ಟು ಕುರ್ಚಿಗೆ ಮರಳುವಷ್ಟರಲ್ಲಿ ಆಯ್ತಾ ಎಂದು ಕೇಳುವ ಪುಣ್ಯಾತ್ಮ. ತೆರೆದ ಕೂಡಲೇ ಆಪ್ ಜೀವಂತವಾಗಿ ಕಾಣಬೇಕು, ಸಂಜೆಯೊಳಗೆ ಆಗಬೇಕು ಎಂದರು. ನಾನು ಹೆಚ್ಚು ಯೋಚಿಸಲಿಲ್ಲ. ಆಪ್‌ನ ಪ್ರೋಗ್ರಾಮಿನಲ್ಲಿ ಸಮಯ ಬರೆಯುವ ಸಾಲನ್ನು ಅದಿದ್ದ ಜಾಗದಿಂದ ನಾಲ್ಕು ಸಾಲು ಮೇಲಕ್ಕೆ ಎತ್ತಿ ಇಟ್ಟೆ. ಉತ್ತರ ಬಂದ ಮೇಲೆ ‘ಬಂತು’ ಎನ್ನಬೇಕಾದದ್ದು, ಪ್ರಶ್ನೆ ಕಳಿಸಿದ ಕೂಡಲೇ ‘ಬಂತು’ ಎನ್ನತೊಡಗಿತು. ಸಿಗ್ನಲ್ ಸಿಗದಿದ್ದರೆ ತೋರಿಸುತ್ತಿದ್ದ ಕೆಂಪು ಪಟ್ಟಿಯನ್ನೂ ತೆಗೆದೆ, ಜನ ಹೆದರುತ್ತಾರೆ ಎಂದು. ಹೇಗಿದ್ದರೂ ಅರೆ ಸೆಕೆಂಡಿನಲ್ಲಿ ಉತ್ತರ ಬಂದೇ ಬರುತ್ತದಲ್ಲ ಎಂದುಕೊಂಡೆ. ನಮ್ಮ ಆಫೀಸಿನಲ್ಲಿ ಅದು ಬರುತ್ತಿತ್ತು. ಇಲ್ಲಿ ಶೌಚಾಲಯದೊಳಗೂ ವೈಫೈ ಇದೆ.

ಹಾಗೆ ಸಾಲು ಬದಲಿಸಿದಾಗ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯುವುದು ನಮ್ಮ ರೂಢಿ. ಯಂತ್ರ ಅದನ್ನು ಓದುವುದಿಲ್ಲ. ಮುಂದೆ ಆ ಕೆಲಸಕ್ಕೆ ಕೈಹಾಕುವವರಿಗೆ ಏಕೆ ಹೀಗೆ ಮಾಡಿದೆವು ಎಂದು ತಿಳಿಯಲಿ ಎಂದಷ್ಟೇ. ಅಲ್ಲಿ ನಾನು ಏನು ಬರೆದೆ ಗೊತ್ತೇ? ‘ನಮ್ಮ ಭಾವನ ರೀತಿ: ಹೊರಡುವ ಮುಂಚೆ ಬಂದೆ ಅನ್ನುವುದು.’ ಬರೆದು ಒಬ್ಬಳೇ ನಕ್ಕೆ. ಸಂಜೆ ಆಯ್ತಾ ಸಾರ್ ಬಂದು ಆಯ್ತಾ ಎಂದರು. ಆಯ್ತು ಎಂದೆ.

ಎರಡು ತಿಂಗಳ ನಂತರ ಒಬ್ಬ ಹೆಂಗಸಿನ ದೂರು ಬಂತು. ಯಾವುದೋ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಮಹಡಿಯ ಮೇಲೆ ಒಣಹಾಕುವ ಕೆಲಸದವಳು. ‘ನಿಮ್ಮ ಆಪ್‌ನಲ್ಲಿ ಸಮಯ ಹೊಸದು, ಹವೆ ಹಳೇದು. ನಾಲ್ಕು ಸಲ ಬಟ್ಟೆ ನೆನೆಯಿತು’ ಎಂದು ಬರೆದಿದ್ದಳು. ಒಂದೇ ಸಾಲಿನಲ್ಲಿ ರೋಗ ಹಿಡಿದಿದ್ದಳು ಅಕ್ಕಾ. ಓದು ಬರಹ ಕಲಿತ ನಾನು ಆ ದೂರನ್ನು ತೆರೆದು, ನನ್ನ ಮೇಜಿನ ಮೇಲೆ ನನ್ನ ಫೋನಿನಲ್ಲಿ ಎರಡು ಸಲ ಪರೀಕ್ಷಿಸಿ, ‘ನಮ್ಮಲ್ಲಿ ಸರಿಯಾಗಿದೆ’ ಎಂದು ಬರೆದು ಮುಚ್ಚಿದೆ. ಅಂದು ಮೂವತ್ತು ದೂರು ಮುಚ್ಚಬೇಕಿತ್ತು. ಮೂವತ್ತೊಂದು ಮುಚ್ಚಿದೆ ಎಂದು ಮನೆಗೆ ಖುಷಿಯಿಂದಲೇ ಹೋದೆ.

ಇನ್ನು ಆ ಸೋಮವಾರದ ಮಾತು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ಒಂದರ ಪಕ್ಕ ಒಂದನ್ನು ಇಟ್ಟು ನೋಡು. ಭಾವ ಆರೂ ಹತ್ತಕ್ಕೆ ಆ ಕಟ್ಟಡದ ನೆಲಮಾಳಿಗೆಗೆ ಇಳಿದರು. ಬಣ್ಣ ಕಲಸುವುದು, ಬಟ್ಟೆ ಬದಲಿಸುವುದು ಎಲ್ಲ ಅಲ್ಲೇ. ಅಲ್ಲಿ ಸಿಗ್ನಲ್ ಇಲ್ಲ. ಆರೂ ಇಪ್ಪತ್ತೈದಕ್ಕೆ, ಎಂಟರೊಳಗೆ ಐವತ್ತು ಕಿಲೋಮೀಟರ್ ಮೀರಿದ ಬಿರುಗಾಳಿ ಬರಬಹುದು ಎಂಬ ಎಚ್ಚರಿಕೆ ಹೊರಟಿತು. ಅದು ನೆಲಮಾಳಿಗೆಗೆ ಇಳಿಯಲಿಲ್ಲ. ಆರೂ ಐವತ್ತಕ್ಕೆ ಭಾವ ಆಪ್ ತೆರೆದರು. ಹಿಂದಿನ ರಾತ್ರಿ ಊಟ ಮಾಡುತ್ತ ನೋಡಿದ್ದ ಹನ್ನೊಂದು ಎಂಬ ಅಂಕಿಯೇ ಅಲ್ಲಿತ್ತು. ಕೆಳಗೆ ‘ಈಗಷ್ಟೇ ಬಂದದ್ದು’ ಎಂದಿತ್ತು. ಅವರು ಹನ್ನೊಂದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಫೋನುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು, ಮೇಲಿನಿಂದ ಯಾರ ತಲೆಯ ಮೇಲೂ ಬೀಳಬಾರದೆಂದು. ಅದೂ ಅವರದೇ ನಿಯಮ. ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದರು ಅಕ್ಕಾ.

ಏಳೂ ನಲವತ್ತಕ್ಕೆ ಗಾಳಿ ಬೀಸಿದಾಗ ತೊಟ್ಟಿಲು ಒಂಬತ್ತನೇ ಮಹಡಿಯ ಎದುರಿತ್ತು. ಉದ್ದಣ್ಣ ಬಕೆಟ್ ಬದಲಿಸಲು ಸೊಂಟದ ಕೊಂಡಿ ಬಿಚ್ಚಿದ್ದ. ನೀನು ಅವನಿಗೆ ಕಡೆಯ ಸಲ ಚಹಾ ಕೊಟ್ಟಾಗ ಬಾಗಿಲಿಗೆ ತಲೆ ತಾಗಿಸಿಕೊಂಡು, ನಿಮ್ಮ ಮನೆ ಬೆಳೆಯೋದು ಯಾವಾಗ ಅತ್ತಿಗೆ ಎಂದಿದ್ದನಲ್ಲ, ಆ ಮನುಷ್ಯ. ಭಾವ ಬೆಲ್ಟಿಗೆ ನೇತುಬಿದ್ದು ಗೋಡೆಗೆ ಮೂರು ಸಲ ಬಡಿದರು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ಗುತ್ತಿಗೆದಾರರ ಕಡೆಯವನು ತನ್ನ ಫೋನಿನಲ್ಲಿ ಇದೇ ಆಪ್ ತೆರೆದು ಎಲ್ಲರಿಗೂ ತೋರಿಸಿದ. ಆರೂ ಇಪ್ಪತ್ತೈದಕ್ಕೇ ಎಚ್ಚರಿಕೆ ಬಂದಿದೆ ನೋಡಿ, ನಿಮ್ಮ ಯಜಮಾನರು ನೋಡಲಿಲ್ಲವೇ ಎಂದು ನಿನ್ನನ್ನು ಕೇಳಿದ. ಆಗ ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ‘ಕನ್ನಡಕ ಹಾಕ್ಕೊಳ್ಳಿ, ಹಾಕ್ಕೊಳ್ಳಿ ಅಂತ ಬಡ್ಕೊಂಡೆ. ನನ್ನ ಮಾತು ಕೇಳ್ಲೇ ಇಲ್ಲ ಇವರು’ ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಅಲ್ಲೇ ಅದನ್ನು ಬರೆದುಕೊಂಡ. ಹೇಳಿಕೆಯೊಳಗೆ ಕನ್ನಡಕ ಬಂದದ್ದು ನಿನ್ನ ಬಾಯಿಂದ. ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿನಗೆ ಗೊತ್ತಿರಲಿಲ್ಲ. ಎರಡು ಹೆಜ್ಜೆ ಆಚೆ ನಿಂತಿದ್ದ ನನಗೂ ಆ ದಿನ ಗೊತ್ತಿರಲಿಲ್ಲ, ಇದೊಂದನ್ನು ನಂಬು.

ಗೊತ್ತಾದದ್ದು ಬುಧವಾರ. ಭಾವನಿಗೆ ಅರೆ ಎಚ್ಚರ. ನೀನು ಔಷಧಿ ತರಲು ಹೋಗಿದ್ದೆ. ‘ಹನ್ನೊಂದು ಅಂತ್ಲೇ ಇತ್ತು ಬಾಲ. ಈಗಷ್ಟೇ ಬಂದದ್ದು ಅಂತ್ಲೂ ಇತ್ತು’ ಎಂದರು. ಆ ‘ಈಗಷ್ಟೇ’ ಕೇಳಿದ ಕೂಡಲೇ ನಾನು ಮೇಲಕ್ಕೆ ಎತ್ತಿಟ್ಟಿದ್ದ ಸಾಲು ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಮುಟ್ಟಿ ನೋಡಿಕೊಳ್ಳಲು ನೇರ ಆಫೀಸಿಗೆ ಹೋದೆ. ಸಿಗ್ನಲ್ ಸಿಗದ ಜಾಗ ಹುಡುಕಿ ಸಾಮಾನು ಸಾಗಿಸುವ ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚಿ ಆಪ್ ತೆರೆದೆ. ಬೆಳಗಿನ ಹಳೆಯ ಅಂಕಿಗಳ ಕೆಳಗೆ ‘ಈಗಷ್ಟೇ ಬಂದದ್ದು’ ಎಂದಿತ್ತು. ಲಿಫ್ಟು ಮೇಲೆ ಕೆಳಗೆ ಹೋಗುತ್ತಲೇ ಇತ್ತು. ನಾನು ಅದರೊಳಗೆ ಏಳೆಂಟು ಸಲ ಮುಚ್ಚಿ ತೆರೆದು ನೋಡಿದೆ. ಅಷ್ಟು ಸಲವೂ ಅದು ಅದನ್ನೇ ಹೇಳಿತು.

ಸರಿಪಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕು ಸಾಲು ಕೆಳಕ್ಕೆ ಇಳಿಸಿದೆ, ಕೆಂಪು ಪಟ್ಟಿಯನ್ನು ಮರಳಿ ಹಾಕಿದೆ, ಅಷ್ಟೇ. ಒಂದು ಜೀವ, ಒಂದು ಬೆನ್ನುಮೂಳೆ ಹೋದ ತಪ್ಪನ್ನು ತಿದ್ದಲು ಒಂದು ಲೋಟ ಚಹಾದ ಹೊತ್ತು ಸಾಕಾಯಿತು. ಆಯ್ತಾ ಸಾರ್‌ಗೆ ತಪ್ಪನ್ನು ತೋರಿಸಿದೆ. ಭಾವನ ವಿಷಯ ಹೇಳಲಿಲ್ಲ. ಅವರು, ‘ಯಾರೂ ಕೇಳಿಲ್ಲ ಅಲ್ವಾ? ನಾವಾಗೇ ಯಾಕೆ ಹೇಳ್ಬೇಕು’ ಎಂದರು. ಹೊಸ ಆವೃತ್ತಿಯ ಜೊತೆ ಜನ ಓದಲೆಂದು ಎರಡು ಸಾಲು ಬರೆಯುತ್ತೇವಲ್ಲ, ಅಲ್ಲಿ ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ’ ಎಂದು ಬರೆಯಲು ಹೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ಆ ಸಾಲನ್ನು ನಾನೇ ನನ್ನ ಕೈಯಾರೆ ಟೈಪು ಮಾಡಿದೆ. ಶುಕ್ರವಾರ ಅದು ಲಕ್ಷಾಂತರ ಫೋನುಗಳಿಗೆ ಹೋಯಿತು. ಉದ್ದಣ್ಣ ಆ ಸಾಲಿನೊಳಗೆ ಸಣ್ಣಪುಟ್ಟ ದೋಷವಾಗಿ ಸೇರಿಹೋದ.

ಶನಿವಾರ ನಾನು ಆಸ್ಪತ್ರೆಗೆ ಬಂದಾಗ ಭಾವನಿಗೆ ಪೂರ್ತಿ ಎಚ್ಚರವಿತ್ತು. ತಗಡಿನ ಪೆಟ್ಟಿಗೆಯಿಂದ ತಂದುಕೊಟ್ಟಿದ್ದ ಅವರ ಫೋನು ಚಾರ್ಜಿಲ್ಲದೆ ದಿಂಬಿನ ಪಕ್ಕ ಬಿದ್ದಿತ್ತು. ‘ನೀನು ಅದನ್ನ ಮಾಡೋಳಲ್ವಾ? ಸ್ವಲ್ಪ ನೋಡು. ನಾನು ಓದಿದ್ದು ಸರೀನೋ ತಪ್ಪೋ ಅಷ್ಟು ಹೇಳು ಸಾಕು’ ಎಂದರು. ಚಾರ್ಜಿಗೆ ಹಾಕಿ ತರುತ್ತೇನೆ ಎಂದು ಹೊರಗೆ ಹೋದೆ. ಅರ್ಧ ಗಂಟೆ ಬಿಟ್ಟು ಒಳಗೆ ಬಂದು, ಆಪ್ ಸರಿಯಾಗಿಯೇ ಇದೆ ಭಾವ ಎಂದೆ. ಅದು ಸುಳ್ಳಲ್ಲ. ಆ ಹೊತ್ತಿಗೆ ಅದು ಸರಿಯಾಗಿಯೇ ಇತ್ತು.

ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ನಿನ್ನನ್ನು ಕರೆದು ಕನ್ನಡಕ ಕೇಳಿದರು. ಮೂರು ವರ್ಷ ನೀನು ಹಿಂದೆ ಬಿದ್ದರೂ ಪೆಟ್ಟಿಗೆಯಿಂದ ತೆಗೆಯದವರು ತಾವಾಗಿ ಕೇಳಿದರು. ನೀನು ಕಣ್ಣೊರೆಸಿಕೊಂಡು ತಂದುಕೊಟ್ಟೆ. ಆ ದಿನದಿಂದ ಅವರು ಕನ್ನಡಕ ತೆಗೆಯುತ್ತಿಲ್ಲ, ಮಲಗುವಾಗಲೂ ಹಾಕಿಕೊಂಡೇ ಇರುತ್ತಾರೆ ಎಂದು ನೀನೇ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಇಲ್ಲಿ ಎಮ್ಮೆ ತಾನೇ ಬೆನ್ನು ಕೊಟ್ಟು ನಿಂತಿದೆ.

ಅದಾಗಿ ಐದು ವಾರ ನಾನು ಸುಮ್ಮನಿದ್ದೆ. ಹೇಗಿದ್ದೆ ಎಂದು ಕೇಳಬೇಡ, ಚೆನ್ನಾಗಿಯೇ ಇದ್ದೆ. ಬೆಳಿಗ್ಗೆ ಬಸ್ಸು ಹಿಡಿದೆ, ಮಧ್ಯಾಹ್ನ ಡಬ್ಬಿ ಬಿಚ್ಚಿದೆ, ಸಂಜೆ ನಿನಗೆ ಫೋನು ಮಾಡಿ ಭಾವ ಹೇಗಿದ್ದಾರೆ ಎಂದು ಕೇಳಿದೆ. ತಪ್ಪು ಸರಿಯಾಯಿತಲ್ಲ, ಇನ್ನು ಯಾರಿಗೂ ಹೀಗಾಗುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸ ಹೋಗುವ ಭಯವಿತ್ತು. ಅದಕ್ಕಿಂತ ನಿನ್ನ ಮುಖದ ಭಯವಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣುತ್ತಿರುವವರು ಅವರು.

ಕಳೆದ ವಾರ ನೀನು ಫೋನಿನಲ್ಲಿ ಉದ್ದಣ್ಣನ ಹೆಂಡತಿ ಬಂದಿದ್ದ ವಿಷಯ ಹೇಳಿದೆಯಲ್ಲ, ಅಲ್ಲಿಗೆ ನನ್ನ ಕೈಲಾಗಲಿಲ್ಲ. ಅವಳು ಬೈಯಲಿಲ್ಲವಂತೆ, ಅಳಲೂ ಇಲ್ಲವಂತೆ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಒಂದೇ ಮಾತು ಕೇಳಿದಳಂತೆ, ‘ಅವತ್ತು ಗಾಳಿ ನೋಡಿದ್ರಾ ಅಣ್ಣ?’ ಎಂದು. ಭಾವ, ‘ನೋಡ್ದೆ ತಾಯಿ. ನನ್ನ ಕಣ್ಣೇ ಮೋಸ ಮಾಡ್ತು’ ಎಂದರಂತೆ. ಅವಳು ತಲೆಯಾಡಿಸಿ ಎದ್ದುಹೋದಳಂತೆ. ಅಷ್ಟು ಹೇಳಿ, ‘ಪಾಪ, ಇವರಿಗೆ ಈಗಲಾದ್ರೂ ತಪ್ಪು ಒಪ್ಕೊಳ್ಳೋ ಬುದ್ಧಿ ಬಂತಲ್ಲ’ ಎಂದೆ ನೀನು. ನೀನು ಭಾವನನ್ನು ಎಷ್ಟು ಪ್ರೀತಿಸುತ್ತೀಯ ಎಂದು ನನಗೆ ಗೊತ್ತು. ಆ ನೀನೇ ಹಾಗೆ ಹೇಳುವಂತೆ ಮಾಡಿದವಳು ನಾನು.

ಈಗ ಮಾಡಬೇಕಾದದ್ದು ಕೇಳು. ಆ ಬಟ್ಟೆ ಒಗೆಯುವ ಹೆಂಗಸಿನ ದೂರಿನ ಸಂಖ್ಯೆ ಎರಡು ಸಾವಿರದ ಇನ್ನೂರ ಹದಿನೆಂಟು. ಅದನ್ನು ಮುಚ್ಚಿದವಳ ಹೆಸರು, ತಾರೀಖು, ಸಮಯ ನಮ್ಮ ಕಂಪನಿಯ ದಾಖಲೆಯಲ್ಲಿ ಇದೆ. ಸಾಲನ್ನು ಯಾವತ್ತು ಮೇಲೆ ಎತ್ತಿದೆ, ಯಾವತ್ತು ಕೆಳಗೆ ಇಳಿಸಿದೆ ಎಂಬುದೂ ಇದೆ. ಭಾವನ ಹೆಸರಿನ ಆ ನಗೆಚಾಟಿಕೆಯ ಟಿಪ್ಪಣಿಯೂ ಹಳೆಯ ಪ್ರತಿಯಲ್ಲಿ ಹಾಗೇ ಉಳಿದಿದೆ, ನಮ್ಮಲ್ಲಿ ಹಳೆಯದು ಯಾವುದೂ ಅಳಿಯುವುದಿಲ್ಲ. ಅಧಿಕಾರಿ ಬರೆದು ಕೇಳಿದರೆ ಕಂಪನಿ ಕೊಡಲೇಬೇಕು. ಕೇಳದಿದ್ದರೆ ಕೊಡುವುದಿಲ್ಲ. ಈ ಕಾಗದವನ್ನು ಅವರ ಕೈಗೆ ಕೊಡು. ಅದಕ್ಕೂ ಮೊದಲು ಭಾವನಿಗೆ ಓದಿ ಹೇಳು. ‘ನಿಮ್ಮ ಕಣ್ಣು ಸರಿಯಾಗಿದೆ’ ಎಂಬ ಮಾತನ್ನು ಮೊದಲು ಹೇಳು, ನನ್ನ ವಿಷಯ ಆಮೇಲೆ ಹೇಳು. ಉದ್ದಣ್ಣನ ಹೆಂಡತಿಗೂ ತಿಳಿಸು. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂರಬೇಕಾಗುತ್ತದೆ. ಕೂರಲಿ.

ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ. ಕೇಳುವ ಮುಖವೂ ನನಗಿಲ್ಲ. ಊಟದ ಹೊತ್ತು ಮುಗಿಯಿತು, ಎಲ್ಲರೂ ಡಬ್ಬಿ ತೊಳೆಯುತ್ತಿದ್ದಾರೆ. ನನ್ನದು ಹಾಗೇ ಇದೆ.

ಇಂತಿ,
ನಿನ್ನ ಸೆರಗು ಬಿಟ್ಟ
ಬಾಲ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಶನಿವಾರ ಭಾವನ ಫೋನನ್ನು ಹೊರಗೆ ಒಯ್ದೆನಲ್ಲ, ಚಾರ್ಜಿಗೆ ಹಾಕಿ ಅದು ಸಿಗ್ನಲ್ ಹಿಡಿಯುವ ಮುಂಚೆಯೇ ಆಪ್ ತೆರೆದು ನೋಡಿದೆ. ಐದು ದಿನ ಹಳೆಯ ಹನ್ನೊಂದು ಅಲ್ಲೇ ಕೂತಿತ್ತು, ಕೆಳಗೆ ‘ಈಗಷ್ಟೇ ಬಂದದ್ದು’ ಎಂದಿತ್ತು. ಅವರನ್ನು ಉಳಿಸಬಹುದಾಗಿದ್ದ ಸಾಕ್ಷಿ ನನ್ನ ಅಂಗೈಯಲ್ಲಿತ್ತು. ಒಳಗೆ ಹೋಗಿ ತೋರಿಸಿದ್ದರೆ ಮುಗಿಯುತ್ತಿತ್ತು. ನಾನು ಆಸ್ಪತ್ರೆಯ ಆ ಬೆಂಚಿನ ಮೇಲೆ ಕೂತು, ಸಿಗ್ನಲ್ ಬರುವವರೆಗೆ ಕಾದು, ಹೊಸ ಆವೃತ್ತಿಯನ್ನು ಇಳಿಸಿಕೊಂಡು, ಹಳೆಯದನ್ನು ಅಳಿಸಿ, ಆಮೇಲೆ ಒಳಗೆ ಬಂದು ‘ಸರಿಯಾಗಿಯೇ ಇದೆ ಭಾವ’ ಎಂದೆ. ಹಾಗಾಗಿ ಅವರ ಫೋನಿನಲ್ಲಿ ಈಗ ಏನೂ ಉಳಿದಿಲ್ಲ. ಆ ಹನ್ನೊಂದನ್ನು ನೋಡಿದ ಬದುಕಿರುವ ಕಣ್ಣುಗಳು ಎರಡು ಜೊತೆ, ಅವರದು ಮತ್ತು ನನ್ನದು. ಸೋಮವಾರ ಹತ್ತಕ್ಕೆ ನಾನೂ ನಿಮ್ಮ ಬಾಗಿಲಿಗೆ ಬಂದು ಗಂಟೆ ಒತ್ತಬೇಕೆಂದಿದ್ದೇನೆ. ಆದರೆ ಮಂಗಳವಾರವೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಈ ಕಾಗದವನ್ನು ಜೋಪಾನವಾಗಿ ಇಡು. ‘ಬಂದೆ’ ಎಂದು ಈ ಸಲ ಬರೆಯುವುದಿಲ್ಲ ಅಕ್ಕಾ, ಬಂದರೆ ಬಂದ ಮೇಲೆ ಹೇಳುತ್ತೇನೆ.